ಹಸಿರು ದೀಪಕ್ಕೆ ಗೊತ್ತಿರುವುದೆಷ್ಟು?

2023ರ ಜೂನ್ ತಿಂಗಳಲ್ಲಿ ಸಿನಾಲಜಿ ಕಂಪನಿಯ ಸ್ಟೋರೇಜ್ ಪೆಟ್ಟಿಗೆ ಇಟ್ಟುಕೊಂಡಿದ್ದ ಹಲವರು ಪರದೆ ನೋಡಿ ಗಾಬರಿಯಾದರು. ಪೆಟ್ಟಿಗೆಯೊಳಗಿದ್ದ ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳ ಮುಂದೆ ‘ಎಚ್ಚರಿಕೆ’ ಎಂಬ ಗುರುತು ಬಿದ್ದಿತ್ತು. ಬೇಗ ಬದಲಿಸುವುದನ್ನು ಯೋಚಿಸಿ ಎಂಬ ಸಲಹೆಯೂ ಜೊತೆಗಿತ್ತು. ಈ ಗುರುತು ಬೀಳಲು ಡಿಸ್ಕಿನಲ್ಲಿ ಓದಲಾಗದ ಜಾಗ ಇರಬೇಕಾಗಿರಲಿಲ್ಲ, ಸದ್ದು ಬರಬೇಕಾಗಿರಲಿಲ್ಲ, ವೇಗ ತಗ್ಗಬೇಕಾಗಿರಲಿಲ್ಲ. ಡಿಸ್ಕು ಒಟ್ಟು ಮೂರು ವರ್ಷ, ಅಂದರೆ 26,280 ಗಂಟೆ ಚಾಲೂ ಇದ್ದರೆ ಸಾಕಾಗಿತ್ತು. ಹಗಲೂ ರಾತ್ರಿ ನಿಲ್ಲದೆ ಓಡಲೆಂದೇ ತಯಾರಿಸಿ, ಹಾಗೆಂದೇ ಹೇಳಿ ಮಾರಿದ ಡಿಸ್ಕುಗಳಿವು. ಡಿಸ್ಕು ತಯಾರಿಸಿದ ಕಂಪನಿಯೇ ಅದರ ಸ್ಥಿತಿ ಅಳೆಯಲೆಂದು ರೂಪಿಸಿದ ವ್ಯವಸ್ಥೆಯಿಂದ ಈ ಸೂಚನೆ ಹೊರಟಿತ್ತು. ಬಳಕೆದಾರರ ಸಿಟ್ಟು ಸಹಜವಾಗಿತ್ತು: ಇದು ರೋಗದ ಲಕ್ಷಣವೋ, ಬರೀ ವಯಸ್ಸಿನ ಲೆಕ್ಕವೋ, ಹೊಸ ಡಿಸ್ಕು ಮಾರುವ ದಾರಿಯೋ? ಮೂರನೆಯದನ್ನು ಸಾಬೀತು ಮಾಡಲಾಗದು. ಆದರೆ ಅಂಥ ಅನುಮಾನಕ್ಕೆ ಎಡೆ ಕೊಟ್ಟದ್ದೇ ಆ ಸೂಚನೆಗೆ ದೊಡ್ಡ ಪೆಟ್ಟು. ಮುಂದೊಮ್ಮೆ ಅದೇ ಹಳದಿ ಗುರುತು ನಿಜವಾದ ಅಪಾಯಕ್ಕಾಗಿ ಬಿದ್ದಾಗ ಎಷ್ಟು ಜನ ತಲೆ ಎತ್ತಿ ನೋಡಿಯಾರು?

ಇಂಥ ಪೆಟ್ಟಿಗೆಗಳ ಒಳಗೆ ಕೆಲಸ ಮಾಡುವುದು ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್. ಮದುವೆ ಫೋಟೊ ಸ್ಟುಡಿಯೊ, ಲೆಕ್ಕಪರಿಶೋಧಕರ ಕಚೇರಿ, ಶಾಲೆ, ಸಣ್ಣ ಪ್ರಕಾಶನ ಸಂಸ್ಥೆ, ಹೀಗೆ ಎಲ್ಲೆಲ್ಲಿ ದೊಡ್ಡ ಡೇಟಾ ಸೆಂಟರ್ ಇಲ್ಲವೋ ಅಲ್ಲೆಲ್ಲ ಇದು ಸದ್ದಿಲ್ಲದೆ ಕೂತಿರುತ್ತದೆ. ಇದರ ಮೂಲ ಕಲ್ಪನೆ 1988ರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡಬಹುದೆಂದು ವಾದಿಸಿದ್ದರು. ಸರಳ ವಿಧಾನದಲ್ಲಿ ಒಂದೇ ಮಾಹಿತಿಯನ್ನು ಎರಡು ಡಿಸ್ಕಿನಲ್ಲಿ ಬರೆಯುತ್ತಾರೆ; ಇದು ರೇಡ್ 1. ಇನ್ನೊಂದರಲ್ಲಿ ಮೂರೋ ನಾಲ್ಕೋ ಡಿಸ್ಕುಗಳಿಗೆ ಮಾಹಿತಿ ಹಂಚಿ, ಜೊತೆಗೆ ಅದರ ಒಂದು ಬಗೆಯ ಮೊತ್ತವನ್ನೂ ಬರೆದಿಡುತ್ತಾರೆ; ಇದು ರೇಡ್ 5. ಈ ಕೆಲಸವನ್ನು ಪ್ರತ್ಯೇಕ ಕಾರ್ಡ್ ಮಾಡಿದರೆ ಹಾರ್ಡ್‌ವೇರ್ ರೇಡ್, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೇ ಮಾಡಿದರೆ ಸಾಫ್ಟ್‌ವೇರ್ ರೇಡ್. ಎರಡನೆಯದರ ಬಗ್ಗೆ ಜನರಲ್ಲಿ ಒಂದು ಅಳುಕು ಮೊದಲಿನಿಂದಲೂ ಇದೆ. ಕೈಗೆ ಸಿಗುವ ಕಾರ್ಡು ಕೆಲಸ ಮಾಡುತ್ತದೆ ಎಂದರೆ ನಂಬುವವರು, ಕಣ್ಣಿಗೆ ಕಾಣದ ಪ್ರೋಗ್ರಾಂ ಅದನ್ನೇ ಮಾಡುತ್ತದೆ ಎಂದರೆ ಹುಬ್ಬೇರಿಸುತ್ತಾರೆ.

ಆ ಅಳುಕು ಬೇರೆಡೆ ಇರಬೇಕಾಗಿತ್ತು ಎಂಬುದು ಈ ಲೇಖನದ ವಾದ. ಸಾಫ್ಟ್‌ವೇರ್ ರೇಡ್ ತನ್ನ ಹೆಸರಿಗಿಂತ ಗಟ್ಟಿ. ಅದರ ಸ್ಥಿತಿ ತಿಳಿಸುವ ಗುರುತುಗಳು ಮಾತ್ರ ತೋರಿಕೆಗಿಂತ ದುರ್ಬಲ. ಪ್ರತಿಯೊಂದು ಗುರುತಿಗೂ ಗೊತ್ತಿರುವುದು ಒಂದು ಸಣ್ಣ ಸಂಗತಿ. ನಾವು ಅದರಲ್ಲಿ ಓದಿಕೊಳ್ಳುವುದು ‘ನನ್ನ ಫೈಲುಗಳು ಕ್ಷೇಮವೇ?’ ಎಂಬ ದೊಡ್ಡ ಪ್ರಶ್ನೆಯ ಉತ್ತರವನ್ನು. ಈ ಅಂತರದಿಂದ ಏನಾಗಬಹುದು ಎಂಬುದಕ್ಕೆ ಕಂಪ್ಯೂಟರಿನ ಹೊರಗೆ ಒಂದು ಭೀಕರ ನಿದರ್ಶನವಿದೆ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ತಗ್ಗಿಸುವ ಒಂದು ವಾಲ್ವ್ ತೆರೆದುಕೊಂಡು, ಮತ್ತೆ ಮುಚ್ಚದೆ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಆ ದೀಪಕ್ಕೆ ವಾಲ್ವಿನ ಜೊತೆ ಸಂಬಂಧವೇ ಇರಲಿಲ್ಲ. ಮುಚ್ಚು ಎಂಬ ಆಜ್ಞೆ ಹೋಗಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಹರಿದುಹೋಗುತ್ತಿದ್ದರೂ ಸಿಬ್ಬಂದಿ ದೀಪವನ್ನು ನಂಬಿದ್ದರು. ದೀಪ ಸುಳ್ಳು ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತಿತ್ತು.

ಲಿನಕ್ಸ್ ರೇಡ್‌ನಲ್ಲಿ ಇದಕ್ಕೆ ಹತ್ತಿರದ ಗುರುತೆಂದರೆ ಹೊಂದಿಕೆಯಾಗದ ಜಾಗಗಳ ಎಣಿಕೆ. ಡೆಬಿಯನ್‌ನಂಥ ವ್ಯವಸ್ಥೆಗಳಲ್ಲಿ ತಿಂಗಳ ಮೊದಲ ಭಾನುವಾರ ಇಡೀ ರೇಡ್ ಅನ್ನು ಓದಿ, ಎರಡೂ ಪ್ರತಿಗಳು ಒಂದೇ ಆಗಿವೆಯೇ ಎಂದು ಹೋಲಿಸುವ ಪರೀಕ್ಷೆ ತಾನಾಗಿ ನಡೆಯುತ್ತದೆ. ವ್ಯತ್ಯಾಸ ಕಂಡರೆ ಒಂದು ಅಂಕಿ ಏರುತ್ತದೆ. ಸೋಮವಾರ ಬೆಳಿಗ್ಗೆ ಆ ಅಂಕಿ 128 ಎಂದು ತೋರಿದರೆ, 128 ಕಡೆ ಮಾಹಿತಿ ಕೆಟ್ಟಿದೆ ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವದಲ್ಲಿ ಎಣಿಕೆ ನಡೆಯುವುದು 512 ಬೈಟಿನ ತುಣುಕುಗಳಲ್ಲಿ, ಹೋಲಿಕೆ ನಡೆಯುವುದು ಅದಕ್ಕಿಂತ ದೊಡ್ಡ ಗಾತ್ರಗಳಲ್ಲಿ. 64 ಕಿಲೊಬೈಟಿನ ಒಂದೇ ಒಂದು ಹೋಲಿಕೆ ತಪ್ಪಿದರೂ 128 ಎಂದೇ ತೋರಿಸುತ್ತದೆ. ಅದೂ ಕೆಟ್ಟ ಸುದ್ದಿಯೇ ಆಗಬೇಕೆಂದಿಲ್ಲ. ಮೆಮೊರಿಯ ಒಂದು ಪುಟವನ್ನು ಮೊದಲ ಡಿಸ್ಕಿಗೆ ಬರೆದು ಎರಡನೆಯದಕ್ಕೆ ಬರೆಯುವಷ್ಟರಲ್ಲಿ ಪ್ರೋಗ್ರಾಂ ಆ ಪುಟವನ್ನು ಬದಲಿಸಿರಬಹುದು. ಮಾಮೂಲಿ ಫೈಲಾದರೆ ಹೊಸ ರೂಪ ಮತ್ತೆ ಎರಡೂ ಕಡೆ ಹೋಗುತ್ತದೆ. ಆದರೆ ಮೆಮೊರಿ ಸಾಲದಾಗ ತಾತ್ಕಾಲಿಕವಾಗಿ ಬಳಸುವ ಸ್ವಾಪ್ ಜಾಗವಾಗಿದ್ದರೆ, ಆ ಪುಟ ಮತ್ತೆಂದೂ ಯಾರಿಗೂ ಬೇಕಾಗದೆ ಹೋಗಬಹುದು. ಯಾರೂ ಓದದ ಜಾಗದಲ್ಲಿ ಎರಡು ಪ್ರತಿ ಬೇರೆ ಬೇರೆಯಾಗಿ ಉಳಿಯುತ್ತವೆ, ಅಷ್ಟೆ. ಇದನ್ನು ಲಿನಕ್ಸ್‌ನ ಕೈಪಿಡಿಯೇ ಬಿಡಿಸಿ ಹೇಳಿದೆ. ರೇಡ್ 5ರಲ್ಲಿ ಅದೇ ಅಂಕಿ ಏರಿದರೆ ಮಾತ್ರ ಹಾರ್ಡ್‌ವೇರಿನಲ್ಲಿ ಎಲ್ಲೋ ದೋಷವಿದೆಯೆಂದು ತಿಳಿಯಬೇಕು ಎಂದೂ ಹೇಳಿದೆ. ಒಂದೇ ಹೆಸರಿನ ಅಂಕಿಗೆ ಒಂದು ಕಡೆ ಬಹುಮಟ್ಟಿಗೆ ಅರ್ಥವಿಲ್ಲ, ಇನ್ನೊಂದು ಕಡೆ ಗಂಭೀರ ಅರ್ಥವಿದೆ. ಪರದೆ ಈ ಭೇದವನ್ನು ತೋರಿಸುವುದಿಲ್ಲ.

ಇನ್ನೂ ಮುಖ್ಯವಾದ ಮಾತು ಆ ಅಂಕಿಗೆ ಗೊತ್ತಿಲ್ಲದ್ದರ ಬಗ್ಗೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಎರಡು ಬಾಬ್ತು ಮತ್ತು ಅವುಗಳ ಒಟ್ಟು ಬರೆದಿದೆ ಎನ್ನಿ. ಮಸಿ ಚೆಲ್ಲಿ ಒಂದು ಬಾಬ್ತು ಅಳಿಸಿಹೋದರೆ ಒಟ್ಟಿನಿಂದ ಇನ್ನೊಂದನ್ನು ಕಳೆದು ಪಡೆಯಬಹುದು. ಆದರೆ ಮೂರೂ ಸ್ಪಷ್ಟವಾಗಿ ಕಾಣುತ್ತಿದ್ದು ಕೂಡಿದರೆ ತಾಳೆಯಾಗದಿದ್ದರೆ? ಯಾವುದು ತಪ್ಪೆಂದು ಪುಸ್ತಕ ಹೇಳಲಾರದು. ರೇಡ್ ಕೂಡ ಹೀಗೆಯೇ: ಡಿಸ್ಕು ‘ನನ್ನಿಂದ ಓದಲಾಗಲಿಲ್ಲ’ ಎಂದು ಒಪ್ಪಿಕೊಂಡರೆ ಕಳೆದದ್ದನ್ನು ಲೆಕ್ಕಹಾಕಿ ತುಂಬುತ್ತದೆ, ತಪ್ಪನ್ನೇ ಸರಿ ಎಂದು ಓದಿಕೊಟ್ಟರೆ ಕೈಚೆಲ್ಲುತ್ತದೆ. ಹೀಗಿರುವಾಗ ‘ರಿಪೇರಿ’ ಎಂಬ ಆಜ್ಞೆ ಏನು ಮಾಡುತ್ತದೆ? ರೇಡ್ 1ರಲ್ಲಿ ಒಂದು ಪ್ರತಿಯನ್ನು ಇನ್ನೊಂದರ ಮೇಲೆ ಬರೆಯುತ್ತದೆ, ರೇಡ್ 5ರಲ್ಲಿ ಒಟ್ಟನ್ನು ಹೊಸದಾಗಿ ಬರೆಯುತ್ತದೆ. ಆಮೇಲೆ ಪರೀಕ್ಷಿಸಿದರೆ ಅಂಕಿ ಸೊನ್ನೆ. ಎರಡು ಪ್ರತಿಗಳೂ ಒಂದಾದವು ನಿಜ, ಸರಿಯಾದ ಪ್ರತಿಯೇ ಉಳಿಯಿತು ಎಂಬ ಖಾತರಿ ಇಲ್ಲ. ‘ರಿಪೇರಿ’ ಎಂದು ಹೆಸರಿಟ್ಟವರು ಸ್ವಲ್ಪ ವಿನಯ ತೋರಬಹುದಿತ್ತು.

ಡಿಸ್ಕು ಸರಿಯಿದ್ದೂ ಕೆಟ್ಟಿದೆ ಎಂದು ತೋರುವುದಕ್ಕೆ ಬೇರೆ ದಾರಿಗಳೂ ಇವೆ. ಅವುಗಳಲ್ಲಿ ತಾಳ್ಮೆಯ ಲೆಕ್ಕ ಬಹಳ ಸ್ವಾರಸ್ಯದ್ದು. ಡೆಸ್ಕ್‌ಟಾಪಿಗೆಂದು ಮಾರುವ ಡಿಸ್ಕಿಗೆ ಓದಲು ಕಷ್ಟವಾದ ಜಾಗ ಸಿಕ್ಕರೆ ಅದು ಹಠ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ಒಂದೆರಡು ನಿಮಿಷವೂ ಹಿಡಿಯಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಸಂಪರ್ಕವನ್ನೇ ಮರುಹೊಂದಿಸಲು ತೊಡಗುತ್ತದೆ. ಆಗಲೂ ಡಿಸ್ಕು ತನ್ನ ಪ್ರಯತ್ನದಲ್ಲೇ ಮುಳುಗಿದ್ದರೆ ರೇಡ್ ಅದನ್ನು ಗುಂಪಿನಿಂದ ಹೊರಹಾಕುತ್ತದೆ. ಒಂದು ಚುಕ್ಕೆಯಷ್ಟು ಜಾಗದ ತೊಂದರೆಗೆ ಇಡೀ ಡಿಸ್ಕು ಸತ್ತಿದೆ ಎಂಬ ಘೋಷಣೆ! ರೇಡ್‌ಗೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿಗೆ ಸೋಲೊಪ್ಪಿಕೊಳ್ಳುತ್ತವೆ. ಉಳಿದ ಡಿಸ್ಕುಗಳಿಂದ ಆ ಭಾಗವನ್ನು ಪಡೆದು ರೇಡ್ ಅಲ್ಲೇ ಮತ್ತೆ ಬರೆಯುತ್ತದೆ, ಬಳಕೆದಾರನಿಗೆ ಸುದ್ದಿಯೂ ತಿಳಿಯುವುದಿಲ್ಲ. ಕೇಬಲ್ಲಿನದು ಇನ್ನೊಂದು ಕಥೆ. ಸಡಿಲವಾದ ಸಾಟಾ ಕೇಬಲ್ಲಿನಿಂದ ಸಾಗಣೆಯಲ್ಲಿ ತಪ್ಪಾದರೆ ಅದರ ಎಣಿಕೆ ದಾಖಲಾಗುವುದು ಡಿಸ್ಕಿನ ಖಾತೆಯಲ್ಲಿ. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಅಳಿಯುವುದಿಲ್ಲ. ಸೀಗೇಟ್ ಡಿಸ್ಕುಗಳ ಓದುವಿಕೆಯ ದೋಷ ಎಂಬ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಬೆಚ್ಚುವವರೂ ಇದ್ದಾರೆ. ಆ ಅಂಕಿಯಲ್ಲಿ ಒಟ್ಟು ಓದಿದ ಸಲಗಳ ಎಣಿಕೆಯೂ ಸೇರಿಕೊಂಡಿರುತ್ತದೆ, ಹಾಗಾಗಿ ಹೊಚ್ಚ ಹೊಸ ಡಿಸ್ಕಿನಲ್ಲೂ ಅದು ಭಾರಿಯಾಗಿಯೇ ಕಾಣುತ್ತದೆ.

ತಪ್ಪು ಎಚ್ಚರಿಕೆಯಿಂದ ನಷ್ಟವೇನು, ಎಚ್ಚರಿಕೆ ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದೇ ಮೇಲಲ್ಲವೇ ಎಂದು ಕೇಳಬಹುದು. ಹೊಗೆ ಕಂಡಾಗ ಕೂಗುವ ಯಂತ್ರದ ಬಗ್ಗೆ ಈ ಮಾತು ಒಪ್ಪುತ್ತದೆ. ಅಲ್ಲಿ ಜನ ಹೊರಗೆ ಓಡುತ್ತಾರೆ, ಏನೂ ಹಾಳಾಗುವುದಿಲ್ಲ. ರೇಡ್‌ನಲ್ಲಿ ಎಚ್ಚರಿಕೆ ಬಂದಾಗ ಜನ ಸುಮ್ಮನಿರುವುದಿಲ್ಲ, ಡಿಸ್ಕಿಗೆ ಕೈ ಹಾಕುತ್ತಾರೆ. ರೇಡ್ 5ರಲ್ಲಿ ಆರೋಗ್ಯವಾಗಿದ್ದ ಡಿಸ್ಕನ್ನು ಕಿತ್ತರೆ ಆ ಕ್ಷಣದಿಂದ ರಕ್ಷಣೆ ಹೋಯಿತು. ಹೊಸ ಡಿಸ್ಕನ್ನು ತುಂಬಿಸಲು ಉಳಿದವನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ದೊಡ್ಡ ಡಿಸ್ಕುಗಳಲ್ಲಿ ಇದಕ್ಕೆ ಒಂದು ದಿನವೇ ಬೇಕಾದೀತು. ಆ ಓದಿನಲ್ಲಿ ಇನ್ನೊಂದು ಡಿಸ್ಕಿನ ಅಡಗಿದ್ದ ದೋಷ ಹೊರಬಂದರೆ, ಸುಳ್ಳು ಎಚ್ಚರಿಕೆ ನಿಜವಾದ ನಷ್ಟವಾಗಿ ಬದಲಾಗುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರಿನ ಕೊನೆಯ ಅಕ್ಷರ ಕಂಪ್ಯೂಟರ್ ಮರುಚಾಲನೆಯಾದಾಗ ಅದಲುಬದಲಾಗುವುದೂ ಉಂಟು. ನಿನ್ನೆಯ ‘ಬಿ’ ಇವತ್ತು ‘ಸಿ’ ಆಗಿರಬಹುದು. ಸೀರಿಯಲ್ ನಂಬರ್ ನೋಡದೆ ಕಿತ್ತವರು ಕೆಟ್ಟದ್ದನ್ನು ಉಳಿಸಿ ಒಳ್ಳೆಯದನ್ನು ತೆಗೆದ ಪ್ರಸಂಗಗಳು ಈ ವೃತ್ತಿಯಲ್ಲಿ ಅಪರೂಪವಲ್ಲ. ಇದ್ಯಾವುದೂ ಆಗದಿದ್ದರೂ, ಹತ್ತು ಸಲ ಸುಳ್ಳೆಂದು ತಿಳಿದ ಸೂಚನೆಯನ್ನು ಹನ್ನೊಂದನೆಯ ಸಲ ಯಾರೂ ತೆರೆದು ನೋಡುವುದಿಲ್ಲ.

ಇನ್ನು ಹಸಿರಿನ ಕಡೆ. ಇದು ಕೆಂಪಿಗಿಂತ ಅಪಾಯಕಾರಿ, ಏಕೆಂದರೆ ಹಸಿರನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರತಿ ಹಾರ್ಡ್ ಡಿಸ್ಕಿನಲ್ಲೂ ಸ್ಮಾರ್ಟ್ ಎಂಬ ಸ್ವಯಂ ತಪಾಸಣೆ ಇರುತ್ತದೆ. ಕೇಳಿದರೆ ‘ಪಾಸ್’ ಎಂದೋ ‘ಫೇಲ್’ ಎಂದೋ ಹೇಳುತ್ತದೆ. ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ಜಾಲಾಡಿದಾಗ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ಅತಿ ಪ್ರಬಲವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿರಲಿಲ್ಲ. ತಾಪಮಾನವೊಂದನ್ನು ಬಿಟ್ಟು ಉಳಿದೆಲ್ಲ ಲಕ್ಷಣ ಸೇರಿಸಿದರೂ ಅವುಗಳಲ್ಲಿ ಶೇ. 36ಕ್ಕೂ ಹೆಚ್ಚಿನವು ಸುಳಿವೇ ಕೊಡದೆ ಸತ್ತಿದ್ದವು. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಬ್ಯಾಕಪ್ ಕಂಪನಿ 2016ರಲ್ಲಿ ಪ್ರಕಟಿಸಿದ ಲೆಕ್ಕವೂ ಇದೇ ದಿಕ್ಕಿನದು: ಅವರು ಗಮನಿಸುವ ಐದು ಲಕ್ಷಣಗಳಲ್ಲಿ ಕನಿಷ್ಠ ಒಂದಾದರೂ ಕೆಟ್ಟ ಡಿಸ್ಕುಗಳ ಪೈಕಿ ಶೇ. 76.7ರಲ್ಲಿ ಕಂಡಿತ್ತು, ಚೆನ್ನಾಗಿ ನಡೆಯುತ್ತಿದ್ದ ಡಿಸ್ಕುಗಳ ಪೈಕಿ ಶೇ. 4.2ರಲ್ಲೂ ಕಂಡಿತ್ತು. ಅಂದರೆ ಲಕ್ಷಣ ಕಂಡರೆ ಅದಕ್ಕೆ ಬೆಲೆಯಿದೆ, ಕಾಣದಿದ್ದರೆ ಆ ಮೌನಕ್ಕೆ ಅಷ್ಟು ಬೆಲೆಯಿಲ್ಲ. ‘ಪಾಸ್’ ಎಂಬ ಒಂದೇ ಮಾತು ಈ ಎರಡನ್ನೂ ಸಮವಾಗಿ ತೂಗಿದಂತೆ ನಟಿಸುತ್ತದೆ. ಡಿಸ್ಕು ಸಾಯದೆ ಸುಮ್ಮನೆ ತಪ್ಪು ಓದುವುದೂ ಕಟ್ಟುಕಥೆಯಲ್ಲ. ನೆಟ್‌ಆ್ಯಪ್ ಯಂತ್ರಗಳಲ್ಲಿದ್ದ 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗದ ಪ್ರಸಂಗಗಳು 4 ಲಕ್ಷ ದಾಟಿದ್ದವು. ಒಂದು ಡಿಸ್ಕಿನ ಮಟ್ಟಿಗೆ ಇದು ತೀರ ಅಪರೂಪ, ಆ ಮಾತನ್ನು ಮರೆಯಬಾರದು. ಆದರೆ ಆ ಯಂತ್ರಗಳು ಪ್ರತಿ ತುಣುಕಿನ ಜೊತೆ ಅದರ ತಾಳೆಸಂಖ್ಯೆಯನ್ನೂ ಬರೆದಿಟ್ಟಿದ್ದರಿಂದ ತಪ್ಪು ಪತ್ತೆಯಾಯಿತು. ಸಾಮಾನ್ಯ ರೇಡ್‌ನಲ್ಲಿ ದೀಪ ಹಸಿರಾಗಿಯೇ ಇರುತ್ತಿತ್ತು.

ದೀಪವೇ ಇಲ್ಲದ ಕಡೆ ಮೌನವನ್ನೇ ಹಸಿರೆಂದು ತಿಳಿಯುತ್ತೇವೆ. ಲಿನಕ್ಸ್ ರೇಡ್‌ನಲ್ಲಿ ಡಿಸ್ಕು ಹೊರಬಿದ್ದರೆ ಕಾವಲು ಪ್ರೋಗ್ರಾಂ ಇಮೇಲ್ ಕಳಿಸುತ್ತದೆ. ಯಾರಿಗೆ? ವಿಳಾಸ ಬದಲಿಸದಿದ್ದರೆ ಬಹಳಷ್ಟು ಕಡೆ ಅದೇ ಕಂಪ್ಯೂಟರಿನ ‘ರೂಟ್’ ಎಂಬ ಖಾತೆಗೆ. ಹೊರಗೆ ಅಂಚೆ ಸಾಗಿಸುವ ವ್ಯವಸ್ಥೆ ಇಲ್ಲದಿದ್ದರೆ ಆ ಪತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಡಿಸ್ಕಿನ ರೇಡ್ ಒಂದೇ ಡಿಸ್ಕಿನ ಮೇಲೆ ತಿಂಗಳುಗಟ್ಟಲೆ ನಡೆದು, ಆ ಉಳಿದದ್ದೂ ಕೈಕೊಟ್ಟಾಗ ‘ಸಾಫ್ಟ್‌ವೇರ್ ರೇಡ್ ನಂಬಬಾರದು’ ಎಂಬ ತೀರ್ಪು ಹೊರಬೀಳುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ದಿನವೂ ನಡೆಯಬೇಕಿದ್ದ ಬ್ಯಾಕಪ್ ಹುಡುಕಿದರೆ ಜಾಗ ಖಾಲಿ. ಬ್ಯಾಕಪ್ ಪ್ರೋಗ್ರಾಂ ಮತ್ತು ಡೇಟಾಬೇಸ್‌ಗಳ ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು, ಸೋತೆನೆಂದು ಇಮೇಲ್ ಕೂಡ ಕಳಿಸುತ್ತಿತ್ತು. ಆ ಇಮೇಲುಗಳಿಗೆ ಸರಿಯಾದ ಸಹಿ ಇಲ್ಲವೆಂದು ಸ್ವೀಕರಿಸುವ ಕಡೆಯ ವ್ಯವಸ್ಥೆ ಅವನ್ನು ತಿರಸ್ಕರಿಸುತ್ತಿತ್ತು. ಆಕಸ್ಮಿಕವಾಗಿ ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯಿಂದ ಉಳಿದದ್ದು ಉಳಿಯಿತು. ಇದು ರೇಡ್ ಪ್ರಸಂಗವಲ್ಲ, ಆದರೆ ರೋಗ ಅದೇ. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿದ್ದು ಮೆಚ್ಚತಕ್ಕದ್ದು.

ಇಷ್ಟೆಲ್ಲ ಗೊಂದಲವೇಕೆ, ಹಾರ್ಡ್‌ವೇರ್ ರೇಡ್ ಕಾರ್ಡ್ ಹಾಕಿದರಾಯಿತಲ್ಲ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಒಳ್ಳೆಯ ಸರ್ವರಿನಲ್ಲಿ ಕೆಟ್ಟ ಡಿಸ್ಕಿನ ಖಾನೆಯಲ್ಲೇ ಕೆಂಪು ದೀಪ ಹತ್ತುತ್ತದೆ, ತಪ್ಪು ಡಿಸ್ಕು ಕೀಳುವ ಸಂಭವ ತಗ್ಗುತ್ತದೆ. ಬ್ಯಾಟರಿ ಇರುವ ಕಾರ್ಡಾದರೆ ಕರೆಂಟು ಹೋದಾಗ ಅರೆಬರೆ ಬರೆದದ್ದನ್ನೂ ಕಾಯುತ್ತದೆ. ಆದರೆ ಆ ಕಾರ್ಡಿನಲ್ಲಿ ಓಡುವುದೂ ಸಾಫ್ಟ್‌ವೇರೇ, ಹೊರಗಿನವರು ಓದಲಾಗದ ಸಾಫ್ಟ್‌ವೇರ್. ಅನೇಕ ಕಾರ್ಡುಗಳು ಹಿಂದಿರುವ ಡಿಸ್ಕುಗಳ ಸ್ಮಾರ್ಟ್ ಅಂಕಿಗಳನ್ನು ನೇರವಾಗಿ ನೋಡಲು ಬಿಡುವುದಿಲ್ಲ; ಬ್ಯಾಟರಿ ತಾನೇ ಸಾಯುತ್ತದೆ; ಕಾರ್ಡು ಸುಟ್ಟರೆ ಅದೇ ಮನೆತನದ ಇನ್ನೊಂದು ಕಾರ್ಡಿಗಾಗಿ ಅಲೆಯಬೇಕು. ಲಿನಕ್ಸ್ ರೇಡ್‌ನ ಡಿಸ್ಕುಗಳನ್ನು ತೆಗೆದು ಬೇರೆ ಯಾವುದೇ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೂ ಓದಿಸಬಹುದು. ಎರಡು ದಶಕಕ್ಕೂ ಮೀರಿ ಸಾವಿರಾರು ಕಣ್ಣುಗಳ ಮುಂದೆ ಪಳಗಿದ ಪ್ರೋಗ್ರಾಂ ಅದು. ಗುರುತು ಹೆಚ್ಚು ಆಕರ್ಷಕವಾಗಿದೆ ಎಂಬ ಕಾರಣಕ್ಕೆ ಒಳಗಿನ ಕೆಲಸವೂ ಹೆಚ್ಚು ಭದ್ರ ಎಂದುಕೊಳ್ಳಲು ಆಧಾರವಿಲ್ಲ.

ಸಾಮಾನ್ಯ ಜನರಿಗೆ ಇಷ್ಟು ವಿವರ ಬೇಡ, ಕೆಂಪು-ಹಸಿರೇ ಸಾಕು ಎಂಬ ಆಕ್ಷೇಪಕ್ಕೆ ಜೆಡ್‌ಎಫ್‌ಎಸ್ ಒಂದು ಉತ್ತರ. ಸನ್ ಕಂಪನಿ 2005ರಲ್ಲಿ ಹೊರತಂದ ಈ ಫೈಲ್ ವ್ಯವಸ್ಥೆ ಪ್ರತಿ ತುಣುಕಿನ ತಾಳೆಸಂಖ್ಯೆ ಇಟ್ಟುಕೊಳ್ಳುವುದರಿಂದ ಎರಡು ಪ್ರತಿಗಳಲ್ಲಿ ಸರಿ ಯಾವುದೆಂದು ಅದಕ್ಕೆ ಗೊತ್ತಾಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದು ಮಾತಾಡುವ ರೀತಿ. ತೊಂದರೆಯಾದಾಗ ಏನಾಗಿದೆ, ಈಗ ಏನು ಮಾಡಬೇಕು, ಕೊನೆಯ ಸಲ ಪೂರ್ತಿ ಪರೀಕ್ಷಿಸಿದ್ದು ಯಾವಾಗ, ಫೈಲು ಹಾಳಾಗಿದ್ದರೆ ಅದರ ಹೆಸರೇನು ಎಂದು ಬೇರೆ ಬೇರೆ ಸಾಲುಗಳಲ್ಲಿ ಬರೆಯುತ್ತದೆ. ಎಲ್ಲ ಸರಿಯಿದ್ದಾಗಲೂ ‘ತಪ್ಪುಗಳಿಲ್ಲ’ ಎನ್ನದೆ ‘ತಿಳಿದಿರುವ ತಪ್ಪುಗಳಿಲ್ಲ’ ಎನ್ನುತ್ತದೆ. ಆ ಒಂದು ವಿಶೇಷಣದಲ್ಲಿರುವ ಪ್ರಾಮಾಣಿಕತೆ ಬೇರೆ ಪರದೆಗಳಲ್ಲಿ ಕಾಣಸಿಗದು. ಹಾಗೆಂದು ಅದೂ ಸರ್ವಜ್ಞನಲ್ಲ: ಮೆಮೊರಿ ಚಿಪ್ ಕೆಟ್ಟಿದ್ದರೆ ಎಲ್ಲ ಡಿಸ್ಕುಗಳ ಮೇಲೂ ತಪ್ಪು ಹೊರಿಸುತ್ತದೆ. ಆದರೆ ಅಂಕಿಗಳು ಡಿಸ್ಕುವಾರಾಗಿ ಕಾಣುವುದರಿಂದ, ಒಂದೇ ಡಿಸ್ಕಿನಲ್ಲಿ ತಪ್ಪು ಏರುತ್ತಿದ್ದರೆ ಡಿಸ್ಕನ್ನೂ ಅದರ ಕೇಬಲ್ಲನ್ನೂ, ಎಲ್ಲದರಲ್ಲೂ ಒಟ್ಟಿಗೆ ಏರುತ್ತಿದ್ದರೆ ಪವರ್ ಸಪ್ಲೈ, ಕಂಟ್ರೋಲರ್, ಮೆಮೊರಿಯನ್ನೂ ಶಂಕಿಸಬೇಕೆಂದು ಸಾಮಾನ್ಯ ಬಳಕೆದಾರನೂ ಊಹಿಸಬಲ್ಲ. ವಿವರವನ್ನು ಅಡಗಿಸಿಟ್ಟಿದ್ದರೆ ಆ ಊಹೆಗೆ ಅವಕಾಶವೇ ಇರುತ್ತಿರಲಿಲ್ಲ.

ಹಾಗಾದರೆ ಇವತ್ತು ಅಂಥ ಪೆಟ್ಟಿಗೆಯೊಂದನ್ನು ನಡೆಸುತ್ತಿರುವವರು ದೀಪದ ಬದಲು ಏನನ್ನು ನೋಡಬೇಕು? ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಕಳೆದ ತಿಂಗಳಿಗಿಂತ ಏರಿದೆಯೇ ಎಂಬುದನ್ನು ನೋಡಬೇಕು. ನಿಂತಲ್ಲೇ ನಿಂತ ಕೇಬಲ್ ದೋಷದ ಎಣಿಕೆ ಹಳೆಯ ಗಾಯದ ಕಲೆ ಮಾತ್ರ. ಪೂರ್ತಿ ಪರೀಕ್ಷೆ ಕೊನೆಯ ಬಾರಿ ಮುಗಿದ ದಿನಾಂಕ ನೋಡಬೇಕು. ಪ್ರತಿ ಡಿಸ್ಕಿನ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಖಾನೆಯ ಮೇಲೆ ಅಂಟಿಸಿರಬೇಕು. ಬೇರೆ ಜಾಗದಲ್ಲಿರುವ ಬ್ಯಾಕಪ್ಪಿನಿಂದ ಒಂದು ಫೈಲನ್ನು ಆಗಾಗ ನಿಜವಾಗಿ ಮರಳಿ ತಂದು ತೆರೆದು ನೋಡಬೇಕು, ಏಕೆಂದರೆ ಫೈಲನ್ನು ಕೈಯಾರೆ ಅಳಿಸಿದರೆ ರೇಡ್ ಎಲ್ಲ ಪ್ರತಿಗಳಿಂದಲೂ ಅದನ್ನು ವಿಧೇಯವಾಗಿ ಅಳಿಸುತ್ತದೆ. ಲಿನಕ್ಸ್ ರೇಡ್‌ನ ಕಾವಲು ಪ್ರೋಗ್ರಾಂಗೆ ಪರೀಕ್ಷಾರ್ಥ ಸಂದೇಶ ಕಳಿಸುವ ಸೌಲಭ್ಯವೂ ಇದೆ; ಏನೂ ಕೆಡದಿರುವಾಗಲೇ ಅದನ್ನು ಒಮ್ಮೆ ಓಡಿಸಿ. ಪತ್ರ ಇನ್‌ಬಾಕ್ಸಿಗೆ ಬಾರದಿದ್ದರೆ ಸ್ಪ್ಯಾಮ್ ಫೋಲ್ಡರಿನಲ್ಲಿ ಹುಡುಕಿ. ಅಲ್ಲೂ ಇಲ್ಲವಾದರೆ ಹೊಸ ಡಿಸ್ಕು ತರುವ ಯೋಚನೆ ಆಮೇಲಿರಲಿ, ಮೊದಲು ಆ ಇಮೇಲ್ ವಿಳಾಸವನ್ನು ಸರಿಪಡಿಸಿ.